ಹಾಡಿನೊಳಗಣ ಮನೆಯ ಸಾಮಾನು

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಅವರ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ಹಾರ ತೊಡಿಸುವ ಕೆಲಸವು ಅಷ್ಟೇನೂ ಕಷ್ಟವಾದುದಲ್ಲ. ಅವರ ಕನ್ನಡಕದ ಡಬ್ಬಿಯನ್ನು ಎಲ್ಲಿಡಬೇಕೆಂಬುದೇ ಕಷ್ಟ. ನಮ್ಮ ಮನೆಯಲ್ಲಿ ತಂದೆಯವರ ಕೊಡೆಯು ಅವರು ಹೋದ ಮೇಲೆಯೂ ಮೂರು ಮಳೆಗಾಲಗಳವರೆಗೆ ಬಾಗಿಲ ಹಿಂದಣ ಮೊಳೆಗೇ ತೂಗುತ್ತಿದ್ದಿತು. ಮಳೆಯಲ್ಲಿ ನೆನೆದುಕೊಂಡು ಹೋದೆವೇ ಹೊರತು ಅದನ್ನು ಯಾರೂ ಮುಟ್ಟಲಿಲ್ಲ; ಮುಟ್ಟಬಾರದೆಂದು ಯಾರೂ ಹೇಳಿಯೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ದುಃಖವನ್ನು ಕುರಿತು ನಾವು ಒಬ್ಬರೊಡನೊಬ್ಬರು ಆಡಿದ ಮಾತುಗಳೆಲ್ಲ ಈಗ ಮರೆತುಹೋಗಿವೆ. ಆ ಕೊಡೆಯು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಈ ಸಂಗತಿಯನ್ನು ನಮಗೆ ಮತ್ತೆ ನೆನಪಿಗೆ ತಂದುದು ಒಂದು ಇಂಗ್ಲೀಷು ಹಾಡು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು, ನಮಗೂ ಆಯಿತು. ಮಕ್ಕಳು ಕೇಳುವ ಆ ಹಾಡುಗಳನ್ನು ಗದ್ದಲವೆಂದು ನಾವು ಬಹುಕಾಲ ತಿಳಿದಿದ್ದೆವು. ಒಂದು ಸಂಜೆ ಇದರಲ್ಲಿ ಏನಿದೆಯೆಂದು ಗದರಿಸಿಕೊಂಡಾಗ ಮಗಳು ಹಾಡಿನ ಸಾಹಿತ್ಯವನ್ನು ಕಾಗದದ ಮೇಲೆ ಬರೆದು ತಂದು, “ಅಣ್ಣಾ, ಮೊದಲು ಓದಿ ನೋಡಿ, ಆಮೇಲೆ ಬೈಯಿರಿ” ಎಂದು ನಮ್ಮ ಮುಂದಿಟ್ಟಳು. ಓದಿದೆವು. ಪ್ರೇಮವೆಂಬ ಶಬ್ದವೂ ಅದರಲ್ಲಿ ಇರಲಿಲ್ಲ, ಮರಣದ ಮೇಲೆ ತತ್ತ್ವೋಪದೇಶವೂ ಇರಲಿಲ್ಲ. ಇದ್ದುದು ಒಂದಿಷ್ಟು ಅಕ್ಕಿ, ಒಂದು ಡಬ್ಬಿ, ಒಂದು ಕಿಟಕಿ, ಹರಿದ ಕಾಲುಚೀಲ, ಇಷ್ಟೆ. ಅವನ್ನು ಓದಿ ಮುಗಿಸಿದ ಮೇಲೆ ಬೈಯಲು ನಮಗೆ ಬಾಯಿ ಬರಲಿಲ್ಲ. ಅಂದಿನಿಂದ ಆ ಮೇಳದ ಹಾಡುಗಳನ್ನು ಒಂದೊಂದಾಗಿ ಓದುತ್ತಲೂ ಕೇಳುತ್ತಲೂ ಬಂದಿರುವೆವು. ಅದರ ಫಲವನ್ನು ಈ ತಿಂಗಳು ನಮ್ಮ ಸೋದರಸೋದರಿಯರಿಗೆ ನಿವೇದಿಸುವೆವು.

ಆ ಮೇಳವೇ ಬೀಟಲ್ಸ್ ಎಂಬುದು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ನಾಲ್ವರು ಯುವಕರು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ರೇವುಪಟ್ಟಣದವರು. 1962ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. 1970ರಲ್ಲಿ ಮೇಳವು ಒಡೆಯಿತು. ಈ ಎಂಟು ವರ್ಷಗಳಲ್ಲಿ ಅವರು ಗಳಿಸಿದ ಕೀರ್ತಿಯನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ನಮಗೆ ಬೇಕಾದುದು ಬೇರೊಂದು ಸಂಗತಿ. ಮೆಕಾರ್ಟ್ನಿಯ ತಾಯಿ ದಾದಿಯಾಗಿಯೂ ಪ್ರಸೂತಿಯ ಕೆಲಸದಲ್ಲಿಯೂ ದುಡಿದವಳು. ಆಕೆ 1956ರಲ್ಲಿ ತೀರಿಕೊಂಡಾಗ ಹುಡುಗನಿಗೆ 14 ವರ್ಷ. ಲೆನನನ ತಾಯಿ 1958ರಲ್ಲಿ ರಸ್ತೆಯಲ್ಲಿ ಮೋಟಾರು ಬಡಿದು ಸತ್ತಳು. ಆಗ ಅವನಿಗೆ 17. ಅವನನ್ನು ಬೆಳೆಸಿದವಳು ತಾಯಿಯ ಅಕ್ಕ. ಹಾಡುಗಳನ್ನು ಬರೆದ ಇಬ್ಬರೂ ಎಳೆಯ ವಯಸ್ಸಿನಲ್ಲಿಯೇ ತಾಯಿಯಿಲ್ಲದ ಮನೆಯನ್ನು ಕಂಡವರು. ತಾಯಿ ಹೋದ ಮನೆಯಲ್ಲಿ ಸಾಮಾನುಗಳು ಹೇಗೆ ಇದ್ದಲ್ಲಿಯೇ ಇದ್ದು ನೋಯಿಸುವುವೆಂಬುದನ್ನು ಬಲ್ಲವರು ಬಲ್ಲರು.

ಅವರ ಮೊದಮೊದಲ ಹಾಡುಗಳು ‘ನಾನು’ ‘ನೀನು’ ಎಂಬ ಎರಡು ಮಾತುಗಳ ಸುತ್ತ ಸುತ್ತುವ ಪ್ರಣಯಗೀತಗಳು. 1965ರ ಸುಮಾರಿಗೆ ಅವುಗಳಲ್ಲಿ ಕುರ್ಚಿ, ಕಂಬಳಿ, ಬೀಗದ ಕೈ ಮೊದಲಾದುವು ಬರತೊಡಗಿದುವು. ಆ ವರ್ಷದ ‘ನಾರ್ವೀಜಿಯನ್ ವುಡ್’ ಎಂಬ ಹಾಡಿನಲ್ಲಿ ಒಬ್ಬಳು ಅತಿಥಿಯನ್ನು ಕುಳಿತುಕೊಳ್ಳೆಂದು ಉಪಚರಿಸುವಳು. ಅವನು ಸುತ್ತಲೂ ನೋಡಿದರೆ ಕೋಣೆಯಲ್ಲಿ ಕುರ್ಚಿಯೇ ಇಲ್ಲ. ಆ ಸ್ನೇಹದ ಗತಿ ಮುಂದೇನಾಗುವುದೆಂಬುದನ್ನು ಇಲ್ಲದ ಆ ಕುರ್ಚಿಯೇ ಹೇಳಿಬಿಡುವುದು. ಹ್ಯಾರಿಸನ್ ನಮ್ಮ ದೇಶದ ಸಿತಾರನ್ನು ಮೊದಲು ಧ್ವನಿಮುದ್ರಿಕೆಯಲ್ಲಿ ನುಡಿಸಿದುದೂ ಈ ಹಾಡಿನಲ್ಲಿಯೇ. 1967ರಲ್ಲಿ ಹೊರಬಂದ ‘ಸಾರ್ಜೆಂಟ್ ಪೆಪ್ಪರ್’ ಎಂಬ ಹಾಡುಗಳ ಮಾಲೆಯಲ್ಲಂತೂ ಹಾಡುಗಳ ಸಾಹಿತ್ಯವನ್ನೆಲ್ಲ ಹೊದಿಕೆಯ ಹಿಂಬದಿಯಲ್ಲಿ ಅಚ್ಚುಮಾಡಿದರು. ಹಾಡನ್ನು ಕೇಳಿದರೆ ಸಾಲದು, ಓದಲೂಬೇಕು ಎಂದು ಅವರೇ ಹೇಳಿದಂತಾಯಿತು.

ಇನ್ನು ನಮ್ಮ ಮಗಳು ಬರೆದುಕೊಟ್ಟ ಹಾಡಿಗೆ ಬರುವೆವು. ಅದರ ಹೆಸರು ‘ಎಲಿನಾರ್ ರಿಗ್ಬಿ’. 1966ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದುದು. ಬಹುಮಟ್ಟಿಗೆ ಮೆಕಾರ್ಟ್ನಿಯ ರಚನೆ. ಮೇಳದ ನಾಲ್ವರಲ್ಲಿ ಒಬ್ಬನೂ ಇದರಲ್ಲಿ ವಾದ್ಯವನ್ನು ಮುಟ್ಟಿಲ್ಲ. ನಾಲ್ಕು ಪಿಟೀಲು, ಎರಡು ವಯೋಲ, ಎರಡು ಚೆಲೊ, ಹೀಗೆ ಎಂಟು ತಂತಿವಾದ್ಯಗಳನ್ನು ಜಾರ್ಜ್ ಮಾರ್ಟಿನ್ ಎಂಬ ಸಂಗೀತಜ್ಞನು ಅಳವಡಿಸಿದನು. ಹಾಡಿನ ಮೊದಲಿಗೇ ಒಬ್ಬ ಹೆಂಗಸು ಚರ್ಚಿನ ನೆಲದಿಂದ ಅಕ್ಕಿಯನ್ನು ಆಯುತ್ತಿರುವಳು. ಅಲ್ಲಿ ಆಗತಾನೆ ಒಂದು ಮದುವೆ ನಡೆದಿದೆ. ಇಂಗ್ಲೀಷರ ಮದುವೆಗಳಲ್ಲಿ ವಧೂವರರ ಮೇಲೆ ಅಕ್ಕಿಯನ್ನು ಎರಚುವ ಸಂಪ್ರದಾಯವುಂಟು. ಅಕ್ಷತೆಯ ಅರ್ಥವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮದುವೆಯ ಚಪ್ಪರದಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಕಾಲಡಿಯಲ್ಲಿ ಚೆಲ್ಲಿದ ಅಕ್ಷತೆಯನ್ನು ಯಾರಾದರೂ ಗುಡಿಸಲೇಬೇಕಷ್ಟೆ. ಗುಡಿಸುವವರ ಮದುವೆಯಲ್ಲ ಅದು. ಇತರರ ತಲೆಯ ಮೇಲೆ ಬಿದ್ದ ಮಂಗಳದಲ್ಲಿ ತನ್ನ ಪಾಲಿಗೆ ನೆಲದ ಮೇಲಿನದು ಮಾತ್ರ ಉಳಿದವಳು ಆ ಹೆಂಗಸು. ಆಕೆಗೆ ಮದುವೆಯಾಗಿಲ್ಲವೆಂದಾಗಲಿ, ಆಕೆ ದುಃಖಿಯೆಂದಾಗಲಿ ಕವಿ ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಕಿಯನ್ನು ಆಕೆಯ ಕೈಯಲ್ಲಿಟ್ಟು ಸುಮ್ಮನಾಗುವನು.

ಆ ಬಳಿಕ ಆಕೆ ತನ್ನ ಕಿಟಕಿಯ ಬಳಿ ಕಾಯುವಳು. ಬಾಗಿಲ ಪಕ್ಕದ ಒಂದು ಡಬ್ಬಿಯಲ್ಲಿ ಆಕೆಯ ಮುಖವೇ ಇರುವುದೆಂದು ಹಾಡು ಹೇಳುವುದು. ಇದೇನು ವಿಚಿತ್ರವೆಂದು ನಾವು ಮೊದಲು ಬೆರಗಾದೆವು. ತನ್ನ ತಾಯಿ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಕ್ರೀಮನ್ನು ಮೆಕಾರ್ಟ್ನಿಯು ಈ ಹಾಡಿನ ಸಂಬಂಧದಲ್ಲಿ ನೆನೆದಿರುವನು. ಅದನ್ನು ಅರಿತ ಮೇಲೆ ನಮಗೆ ತಿಳಿವಾಯಿತು. ಹೊರಗೆ ಹೋಗುವಾಗ ಹಚ್ಚಿಕೊಳ್ಳುವ ಮುಖವೊಂದು, ಬಾಗಿಲು ಹಾಕಿದ ಮೇಲಿನ ಮುಖವೊಂದು. ನೆಂಟರು ಬಂದರೆಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ ಬಾಗಿಲು ತೆರೆಯುವ ಹೆಂಗಸರನ್ನು ನಾವೂ ನೋಡಿಲ್ಲವೆ? ಬಾಲ್ಯದಲ್ಲಿ ತಾನು ಒಂಟಿಯಾಗಿದ್ದ ಮುದುಕಿಯೊಬ್ಬಳಿಗೆ ಅಂಗಡಿಯಿಂದ ಸಾಮಾನು ತಂದುಕೊಡುತ್ತಿದ್ದುದನ್ನೂ ಆಕೆಯ ಮಾತುಗಳನ್ನು ಕೇಳುತ್ತ ಕುಳಿತಿರುತ್ತಿದ್ದುದನ್ನೂ ಮೆಕಾರ್ಟ್ನಿಯು ಹೇಳಿಕೊಂಡಿರುವನು. ಹಾಡಿನ ಬೇರು ಅಲ್ಲಿದೆ. ಹುಡುಗನು ಚೀಲವನ್ನು ಇಳಿಸಿ ಕೂಡಲೇ ಓಡಿಬಂದಿದ್ದರೆ ಈ ಹಾಡು ಹುಟ್ಟುತ್ತಿರಲಿಲ್ಲವೆಂದು ನಮಗೆ ತೋರುವುದು.

ಅದೇ ಹಾಡಿನಲ್ಲಿ ಮೆಕೆಂಝಿ ಎಂಬ ಪಾದ್ರಿಯೊಬ್ಬನಿರುವನು. ಯಾರೂ ಕೇಳದ ಧರ್ಮೋಪದೇಶವನ್ನು ಆತನು ಬರೆಯುವನು. ರಾತ್ರಿ ಒಬ್ಬನೇ ಕುಳಿತು ಕಾಲುಚೀಲದ ತೂತನ್ನು ಹೊಲಿದುಕೊಳ್ಳುವನು. ಕೊನೆಗೆ ಆ ಹೆಂಗಸು ಸಾಯುವಳು. ಮಣ್ಣಿಗೆ ಯಾರೂ ಬರುವುದಿಲ್ಲ. ಪಾದ್ರಿಯು ಕೈಗೆ ಹತ್ತಿದ ಮಣ್ಣನ್ನು ಒರೆಸಿಕೊಂಡು ಹೊರಟುಹೋಗುವನು. ಒಂದೇ ಚರ್ಚಿನಲ್ಲಿ ಇಬ್ಬರು ಒಂಟಿ ಜೀವಿಗಳಿದ್ದರು. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟಿದ್ದರೆ ಸಾಕಾಗಿದ್ದಿತು, ತಟ್ಟಲಿಲ್ಲ. ಎರಡು ನಿಮಿಷಗಳ ಈ ಹಾಡು ಮುಗಿಯುವಾಗ ನಮ್ಮ ಬೀದಿಯ ಎಷ್ಟು ಬಾಗಿಲುಗಳನ್ನು ನಾವು ತಟ್ಟಿಲ್ಲವೆಂಬುದು ನೆನಪಿಗೆ ಬಂದು ಮನಸ್ಸು ಕುಗ್ಗುವುದು. 1982ರಲ್ಲಿ ಟಾಮಿ ಸ್ಟೀಲ್ ಎಂಬ ನಟನು ಲಿವರ್‌ಪೂಲಿನ ಸ್ಟ್ಯಾನ್ಲಿ ಬೀದಿಯಲ್ಲಿ ಈ ಹೆಂಗಸಿನ ಪ್ರತಿಮೆಯನ್ನು ಮಾಡಿ ಇರಿಸಿದನು. ಅದಕ್ಕೆ ಆತನು ಪಡೆದ ಪ್ರತಿಫಲ ಅರ್ಧ ಸಿಕ್ಸ್‌ಪೆನ್ಸ್, ಎಂದರೆ ಮೂರು ಪೆನ್ನಿ ಮಾತ್ರ. ಸಾಮಾನ್ಯವಾದ ಬೆಂಚಿನ ಮೇಲೆ ಅಂಗಡಿಯ ಚೀಲದೊಡನೆ ಕುಳಿತ ಹೆಂಗಸು. ಪಕ್ಕದಲ್ಲಿ ಇನ್ನೊಬ್ಬರು ಕುಳಿತುಕೊಳ್ಳಲು ಸ್ಥಳವಿದೆ.

ಎರಡನೆಯ ಹಾಡು ನಮ್ಮಂಥ ತಂದೆತಾಯಿಗಳಿಗೆ ಇನ್ನೂ ಹತ್ತಿರದ್ದು. 1967ರ ಫೆಬ್ರವರಿಯಲ್ಲಿ ಡೈಲಿ ಮೇಲ್ ಎಂಬ ಪತ್ರಿಕೆಯಲ್ಲಿ ಒಂದು ವರ್ತಮಾನ ಬಂದಿತು. ಶಾಲೆಯಲ್ಲಿ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು ಮನೆಯಿಂದ ಹೊರಟುಹೋಗಿದ್ದಳು. ತನ್ನ ಮೋಟಾರು ಗಾಡಿಯನ್ನು ಬಿಟ್ಟುಹೋಗಿದ್ದಳು. ತುಪ್ಪಳದ ಕೋಟನ್ನೂ ಬಿಟ್ಟುಹೋಗಿದ್ದಳು. ಮನೆಯಲ್ಲಿ ಎಲ್ಲವೂ ಇದ್ದಿತು, ಏಕೆ ಹೋದಳೋ ತಿಳಿಯದು ಎಂಬುದು ತಂದೆಯ ಅಳಲು. ಈ ವರ್ತಮಾನವನ್ನು ಓದಿ ಮೆಕಾರ್ಟ್ನಿಯೂ ಲೆನನನೂ ‘ಶೀ ಈಸ್ ಲೀವಿಂಗ್ ಹೋಮ್’ ಎಂಬ ಹಾಡನ್ನು ಕಟ್ಟಿದರು. ಮಗಳು ಮನೆ ಬಿಟ್ಟು ಹೋಗುತ್ತಿರುವಳು ಎಂದು ಅದರ ಅರ್ಥ.

ಇಲ್ಲಿ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ಪತ್ರಿಕೆಯವರ ಕಣ್ಣಿಗೆ ಬಿದ್ದುದು ಮೋಟಾರು ಮತ್ತು ತುಪ್ಪಳದ ಕೋಟು. ಹಾಡಿನಲ್ಲಿ ಅವೆರಡೂ ಇಲ್ಲ. ಅವುಗಳ ಬದಲು ಬೆಳಗಿನ ಜಾವ ಐದು ಗಂಟೆಯ ಹೊತ್ತು, ಹುಡುಗಿ ಬರೆದಿಟ್ಟ ಒಂದು ಚೀಟಿ, ಅವಳ ಮುಷ್ಟಿಯಲ್ಲಿನ ಕೈವಸ್ತ್ರ, ಸದ್ದಾಗದಂತೆ ತಿರುಗಿಸಿದ ಹಿತ್ತಿಲ ಬಾಗಿಲ ಬೀಗದ ಕೈ. ಬೆಲೆಬಾಳುವ ವಸ್ತುಗಳನ್ನು ಕವಿಗಳು ತೆಗೆದುಹಾಕಿದರು. ಮೂರು ಕಾಸಿನ ವಸ್ತುಗಳನ್ನು ಇಟ್ಟುಕೊಂಡರು. ಮೋಟಾರು ತಂದೆ ಕೊಟ್ಟದ್ದು. ಕೈವಸ್ತ್ರದಲ್ಲಿ ಹಿಂಡಿದ ಕಣ್ಣೀರು ಅವಳದೇ. ಚೀಟಿಯಲ್ಲಿ ಇನ್ನೂ ಹೆಚ್ಚು ಹೇಳಬೇಕೆಂದು ಅವಳಿಗೆ ಆಸೆಯಿದ್ದಿತಂತೆ, ಅದಾಗಲಿಲ್ಲ. ಹೇಳಲಾಗದೆ ಉಳಿದುದನ್ನು ಆ ಕೈವಸ್ತ್ರವು ಹೊತ್ತುಕೊಂಡು ಹೋಯಿತು.

ಬಳಿಕ ತಂದೆ ಗೊರಕೆ ಹೊಡೆಯುತ್ತ ಮಲಗಿರುವಾಗ ತಾಯಿ ಎದ್ದು, ನಿಲುವಂಗಿಯನ್ನು ಹಾಕಿಕೊಂಡು, ಮೆಟ್ಟಲ ತಲೆಯಲ್ಲಿ ನಿಂತು ಆ ಚೀಟಿಯನ್ನು ಓದುವಳು. ಆ ನಿಲುವಂಗಿಯ ಮಾತು ನಮ್ಮನ್ನು ಬಹಳವಾಗಿ ಕಲಕಿತು. ಕೆಟ್ಟ ಸುದ್ದಿಯು ನಾವು ಮಡಿಯುಟ್ಟು ಸಿದ್ಧವಾಗಿರುವಾಗ ಬರುವುದಿಲ್ಲ. ತಲೆ ಬಾಚಿರುವುದಿಲ್ಲ, ಒಲೆ ಹೊತ್ತಿರುವುದಿಲ್ಲ, ಅಂಥ ಹೊತ್ತಿನಲ್ಲಿಯೇ ಬರುವುದು. ಹಾಡಿನ ನಡುನಡುವೆ ತಂದೆತಾಯಿಗಳ ಅಳಲು ಲೆನನನ ಕಂಠದಲ್ಲಿ ಕೇಳಿಬರುವುದು: ನಮ್ಮ ಬಾಳನ್ನೇ ಇವಳಿಗೆ ಧಾರೆಯೆರೆದೆವು, ಹಣದಿಂದ ದೊರೆಯುವುದನ್ನೆಲ್ಲ ತಂದುಕೊಟ್ಟೆವು, ಎಂಬ ಧಾಟಿಯ ಮಾತುಗಳು. ತನ್ನನ್ನು ಬೆಳೆಸಿದ ದೊಡ್ಡಮ್ಮನು ಮನೆಯಲ್ಲಿ ಆಡುತ್ತಿದ್ದ ಮಾತುಗಳೇ ಇವು ಎಂದು ಲೆನನನು ಹೇಳಿದುದುಂಟು. ಇಂಗ್ಲೆಂಡಿನ ದೊಡ್ಡಮ್ಮಂದಿರು ಮಾತ್ರವೆ ಹೀಗೆ ಆಡುವರೆಂದು ನಾವು ತಿಳಿಯಬೇಕಾಗಿಲ್ಲ. ನಿನಗೇನು ಕಡಮೆ ಮಾಡಿದ್ದೇವೆ ಎಂಬ ಮಾತು ನಮ್ಮ ಬಾಯಿಯಿಂದಲೂ ಎಷ್ಟು ಸಲ ಬಂದಿಲ್ಲ!

ಹಾಡು ತಂದೆತಾಯಿಗಳನ್ನು ಹಳಿಯುವುದಿಲ್ಲವೆಂಬುದು ನಮಗೆ ಮೆಚ್ಚಾದ ಸಂಗತಿ. ಹುಡುಗಿಯ ನೋವು ಎಷ್ಟು ನಿಜವೋ ಅವರ ನೋವೂ ಅಷ್ಟೇ ನಿಜ. ಅವರು ಕೊಟ್ಟುದು ಸುಳ್ಳಲ್ಲ. ಅವಳಿಗೆ ಬೇಕಾದುದು ಅದಲ್ಲ, ಅಷ್ಟೆ. ಸಾಮಾನುಗಳು ಪ್ರೀತಿಯನ್ನು ಹೊರಬಲ್ಲುವು. ಆದರೆ ಹೊರಿಸಿದವರು ಅದನ್ನು ಕೈಯಿಂದ ಕೈಗೆ ಕೊಡಬೇಕು, ಕೊಡುವಾಗ ಎರಡು ಮಾತನ್ನೂ ಆಡಬೇಕು. ಇಲ್ಲದಿದ್ದರೆ ಮೋಟಾರು ಗಾಡಿಯೂ ಬೀದಿಯಲ್ಲಿ ಬಿಟ್ಟುಹೋಗುವ ತಗಡಾಗುವುದು. ಈ ಹಾಡನ್ನು ಕೇಳಿದ ರಾತ್ರಿ ನಾವು ಮಗಳ ಕೋಣೆಯ ಬಾಗಿಲವರೆಗೆ ಹೋಗಿ, ಅವಳು ನಿದ್ರಿಸುತ್ತಿರುವುದನ್ನು ನೋಡಿ ಹಿಂದಿರುಗಿದೆವೆಂಬುದನ್ನು ಮುಚ್ಚಿಡುವುದಿಲ್ಲ.

ಉಳಿದ ಹಾಡುಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ‘ಪೆನ್ನಿ ಲೇನ್’ ಎಂಬುದು ಲಿವರ್‌ಪೂಲಿನ ಒಂದು ನಿಜವಾದ ಬೀದಿ. 1967ರ ಫೆಬ್ರವರಿಯಲ್ಲಿ ಅದರ ಮೇಲಣ ಹಾಡು ಬಂದ ಬಳಿಕ ಬೀದಿಯ ಹೆಸರಿನ ಹಲಗೆಯನ್ನು ಜನರು ಪದೇಪದೇ ಕದ್ದೊಯ್ಯತೊಡಗಿದುದರಿಂದ ಪಟ್ಟಣದವರು ಹೆಸರನ್ನು ಗೋಡೆಯ ಮೇಲೆಯೇ ಬಣ್ಣದಿಂದ ಬರೆಯಿಸಬೇಕಾಯಿತು. ಹಾಡಿನಲ್ಲಿ ಕ್ಷೌರಿಕನು ತಾನು ಕತ್ತರಿಸಿದ ತಲೆಗಳ ಚಿತ್ರಗಳನ್ನು ತೂಗುಹಾಕಿರುವನು. ಬೆಂಕಿ ಆರಿಸುವ ಗಾಡಿಯವನು ಗಾಡಿಯನ್ನು ತಿಕ್ಕಿ ತಿಕ್ಕಿ ಹೊಳೆಯಿಸುವನು. ಒಬ್ಬ ದಾದಿ ತಟ್ಟೆಯಲ್ಲಿ ಗಸಗಸೆಯ ಹೂಗಳನ್ನಿಟ್ಟು ಮಾರುವಳು. ಕೊನೆಯದು ಸುಮ್ಮನೆ ಹೂ ಮಾರುವ ಮಾತಲ್ಲ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ಬ್ರಿಟನ್ನಿನಲ್ಲಿ ಪ್ರತಿವರ್ಷ ನವೆಂಬರಿನಲ್ಲಿ ಕೆಂಪು ಗಸಗಸೆ ಹೂವಿನ ಆಕೃತಿಯನ್ನು ಕೊಂಡು ಎದೆಗೆ ಸಿಕ್ಕಿಸಿಕೊಳ್ಳುವರು. ನಗುನಗುತ್ತಿರುವ ಬೀದಿಯ ನಡುವೆ ಸತ್ತವರೆಲ್ಲರೂ ಆ ತಟ್ಟೆಯಲ್ಲಿ ಕುಳಿತು ಹಾದುಹೋಗುವರು; ಹಾಡು ಅಲ್ಲಿ ನಿಲ್ಲುವುದೂ ಇಲ್ಲ.

‘ಎ ಡೇ ಇನ್ ದಿ ಲೈಫ್’ ಎಂಬ ಹಾಡಿನಲ್ಲಿ ಮೊದಲು ವರ್ತಮಾನ ಪತ್ರಿಕೆಯ ಒಂದು ಅಪಘಾತದ ಸುದ್ದಿ. ನಡುವೆ ಒಬ್ಬನು ತಡವಾಗಿ ಎದ್ದು, ತಲೆ ಬಾಚಿ, ಒಂದು ಬಟ್ಟಲು ಕುಡಿದು, ಕೋಟು ಟೋಪಿಗಳನ್ನು ಸಿಕ್ಕಿಸಿಕೊಂಡು ಬಸ್ಸಿಗೆ ಓಡುವನು. ಧ್ವನಿಮುದ್ರಣ ಮಾಡುವಾಗ ಮಧ್ಯದಲ್ಲಿ ಖಾಲಿ ಬಿಟ್ಟಿದ್ದ 24 ಆವರ್ತಗಳ ಅವಧಿ ಮುಗಿದುದನ್ನು ತಿಳಿಸಲು ಅವರ ಸಹಾಯಕ ಮ್ಯಾಲ್ ಇವಾನ್ಸ್ ಒಂದು ಅಲಾರಂ ಗಡಿಯಾರವನ್ನು ಬಾರಿಸಿದನು. ಎಚ್ಚರಗೊಳ್ಳುವ ಮಾತು ಅದರ ಹಿಂದೆಯೇ ಬರುವುದರಿಂದ ಆ ಗಂಟೆಯ ಸದ್ದು ಹಾಡಿನಲ್ಲಿಯೇ ಉಳಿದುಕೊಂಡಿತು. ಯಾರದೋ ಮರಣದ ಸುದ್ದಿಯನ್ನು ಓದಿ ಮಡಿಸಿಟ್ಟು, ಬಾಚಣಿಗೆಯನ್ನು ಕೈಗೆತ್ತಿಕೊಳ್ಳುವ ನಮ್ಮ ಪ್ರತಿದಿನದ ಬಾಳನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಹಾಗೆಂದು ಸಾಮಾನುಗಳು ದುಃಖವನ್ನೇ ಹೊರುವುವೆಂದು ಭಾವಿಸಬಾರದು. ‘ವೆನ್ ಐಯಾಮ್ ಸಿಕ್ಸ್ಟಿಫೋರ್’ ಎಂಬುದು ಮೆಕಾರ್ಟ್ನಿಯು ಸುಮಾರು 16ನೆಯ ವಯಸ್ಸಿನಲ್ಲಿ ಹೊಸೆದ ರಾಗ. 1966ರಲ್ಲಿ ಅವನ ತಂದೆಗೆ 64 ತುಂಬಿತು, ಆ ವರ್ಷದ ಡಿಸೆಂಬರಿನಲ್ಲಿ ಧ್ವನಿಮುದ್ರಣವೂ ಆಯಿತು. ಮುಪ್ಪಿನಲ್ಲಿಯೂ ನಾನು ನಿನಗೆ ಬೇಕಾಗುವೆನೆ ಎಂದು ಕೇಳುವ ಹುಡುಗನು ತನ್ನ ಪ್ರೇಮಕ್ಕೆ ಸಾಕ್ಷಿಯಾಗಿ ಚಂದ್ರತಾರೆಗಳನ್ನು ಕರೆಯುವುದಿಲ್ಲ. ದೀಪ ಆರಿದರೆ ಫ್ಯೂಸು ಹಾಕಿಕೊಡುವೆನು, ನೀನು ಒಲೆಯ ಬಳಿ ಕುಳಿತು ಉಲ್ಲನ್ ಅಂಗಿ ಹೆಣೆ, ತೋಟದ ಕಳೆ ಕೀಳೋಣ ಎಂಬ ರೀತಿಯಲ್ಲಿ ಲೆಕ್ಕ ಒಪ್ಪಿಸುವನು. ಬಹುಕಾಲ ಸಂಸಾರ ಮಾಡಿದವರು ಇದನ್ನು ಕೇಳಿ ನಕ್ಕು, ನಕ್ಕ ಮೇಲೆ ಒಪ್ಪಿಕೊಳ್ಳುವರು. ಮೆಕಾರ್ಟ್ನಿಗೆ 64 ತುಂಬಿದುದು 2006ರಲ್ಲಿ. ಅವನ ಪತ್ನಿ ಲಿಂಡಾ 1998ರಲ್ಲಿಯೇ ತೀರಿಕೊಂಡಿದ್ದಳು. ಹುಡುಗನಾಗಿದ್ದಾಗ ತಮಾಷೆಗೆ ಎಣಿಸಿದ ಆ ಸಾಮಾನುಗಳನ್ನು ಮತ್ತೆ ಎಣಿಸಿದಾಗ ಅವನಿಗೆ ಹೇಗೆನಿಸಿತೋ ನಾವು ಊಹಿಸಲಾರೆವು.

ಹಾಗಾದರೆ ಯಾವ ಸಾಮಾನನ್ನು ಹಾಡಿನಲ್ಲಿ ತುರುಕಿದರೂ ಭಾವವು ಹುಟ್ಟುವುದೆ? ಇಲ್ಲ. ಅಂಗಡಿಯ ಪಟ್ಟಿಯಿಂದ ಯಾರಿಗೂ ಕಣ್ಣೀರು ಬರದು. ನಾವು ಕಂಡಮಟ್ಟಿಗೆ ಇದರ ಗುಟ್ಟು ಎರಡು. ಮೊದಲನೆಯದು, ವಸ್ತುವು ಶೋಭೆಗಾಗಿ ಇರದೆ ಯಾರದೋ ಕೈಯಲ್ಲಿ ಕೆಲಸಮಾಡುತ್ತಿರಬೇಕು: ಅಕ್ಕಿಯನ್ನು ಆಯುವರು, ಕಾಲುಚೀಲವನ್ನು ಹೊಲಿಯುವರು, ಬೀಗದ ಕೈಯನ್ನು ತಿರುಗಿಸುವರು. ಎರಡನೆಯದು, ಭಾವದ ಹೆಸರನ್ನು ಕವಿಯು ಹೇಳದೆ ಕೇಳುವವರಿಗೆ ಬಿಡಬೇಕು. ಹೇಳಿಬಿಟ್ಟರೆ ವಸ್ತುವಿಗೆ ಹೊರಲು ಏನೂ ಉಳಿಯುವುದಿಲ್ಲ. ಇದು ನಮ್ಮ ನಾಡಿಗೆ ಹೊಸದಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ಬಳೆಯನ್ನೂ ತೊಟ್ಟಿಲನ್ನೂ ನೆನೆದು ತ್ರಿಪದಿ ಹಾಡಿದ ನಮ್ಮ ಅಜ್ಜಿಯರು ಈ ವಿದ್ಯೆಯನ್ನು ಯಾರಿಂದಲೂ ಕಲಿತವರಲ್ಲ. ಕಲ್ಲು ಮೂಲೆಗೆ ಸೇರಿದುದರಿಂದ ಆ ಹಾಡುಗಳೂ ಹಿಂಜರಿದುವು. ಅಷ್ಟರಿಂದ ಮಕ್ಕಳಿಗೆ ಆ ಹಸಿವು ಇಲ್ಲವಾಯಿತೆಂದು ನಾವು ತಿಳಿದುದು ನಮ್ಮ ತಪ್ಪು.

ಲಿವರ್‌ಪೂಲಿನ ಫೋರ್ತ್‌ಲಿನ್ ರಸ್ತೆಯಲ್ಲಿ ಮೆಕಾರ್ಟ್ನಿಯ ಮನೆಯವರು ಬಾಡಿಗೆಗಿದ್ದ, ಪುರಸಭೆಯು ಕಟ್ಟಿಸಿದ ಒಂದು ಚಿಕ್ಕ ಮನೆಯಿದೆ. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯವರು 1998ರಲ್ಲಿ ಅದನ್ನು ಜನರ ದರ್ಶನಕ್ಕೆ ತೆರೆದರು. ಅರಮನೆಗಳನ್ನು ಕಾಪಾಡುವ ಸಂಸ್ಥೆಯು ಬಡವರ ಮನೆಯೊಂದನ್ನು ಅದರ ಅಡಿಗೆಯ ಕೋಣೆಯೊಡನೆ ಕಾಪಾಡುತ್ತಿರುವುದನ್ನು ಓದಿ ನಮಗೆ ಸಂತೋಷವಾಯಿತು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಮಕ್ಕಳು ಏನನ್ನು ಕೇಳುತ್ತಿರುವರೋ ಅದನ್ನು ಒಂದು ಸಲ ಬರೆಯಿಸಿಕೊಂಡು ಓದಿರಿ. ಬಳಿಕ ಬೇಕಾದರೆ ಬೈಯಬಹುದು. ಅದಾದ ಮೇಲೆ ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರೊಬ್ಬರಿಗೆ ಅಂಗಡಿಯಿಂದ ಏನಾದರೂ ತರಬೇಕೆ ಎಂದು ಕೇಳಿರಿ. ತಂದುಕೊಟ್ಟ ಮೇಲೆ ಕೂಡಲೇ ಹಿಂದಿರುಗದೆ ಸ್ವಲ್ಪ ಕುಳಿತುಕೊಳ್ಳಿರಿ. ನಮ್ಮ ಮನೆಯ ಆ ಕೊಡೆಯನ್ನು ನಾಲ್ಕನೆಯ ಮಳೆಗಾಲದಲ್ಲಿ ತಾಯಿಯವರೇ ಮೊಳೆಯಿಂದ ಇಳಿಸಿ, ಧೂಳನ್ನು ಕೊಡವಿ, ಶಾಲೆಗೆ ಹೊರಟಿದ್ದ ಮೊಮ್ಮಗಳ ಕೈಗೆ ಕೊಟ್ಟರು. “ಜೋಪಾನ, ತಾತನದು” ಎಂದರು. ಬೇರೆ ಮಾತೇನೂ ಆಡಲಿಲ್ಲ.